ಲಾಂಡ್ರಿಯಣ್ಣನ ತಡವಾದ ಉತ್ತರ

ತೂರಾಡುತ್ತ ನಡೆಯುವವನನ್ನು ಕಂಡರೆ ನಾವು ಮೊದಲು ಏನು ಮಾಡುತ್ತೇವೆ? ಮೂಗು ಮುಚ್ಚಿಕೊಳ್ಳುತ್ತೇವೆ. "ಬೆಳಿಗ್ಗೇನೇ ಹಾಕಿಕೊಂಡು ಬಂದಿದ್ದಾನೆ" ಎನ್ನುತ್ತೇವೆ. ಹತ್ತಿರ ಹೋಗಿ ವಾಸನೆ ಇದೆಯೋ ಇಲ್ಲವೋ ಎಂದು ನೋಡುವವರು ಯಾರು? ಲಾಂಡ್ರಿಯಣ್ಣನ ಬಗ್ಗೆಯೂ ಬೀದಿಯವರು ಹಾಗೇ ಅಂದರು. ಅವನಾದರೋ ಹುಟ್ಟಿದಾಗಿನಿಂದ ಒಂದು ಹನಿ ಕುಡಿದವನಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬೇರೆ ಲಾಂಡ್ರಿಗಳಲ್ಲಿ ಬಟ್ಟೆ ಅದಲು ಬದಲಾಗದಿರಲಿ ಎಂದು ಮೂಲೆಗೆ ಬಣ್ಣದ ದಾರ ಹೊಲಿಯುತ್ತಾರೆ, ಇಲ್ಲವೇ ಮಾಸದ ಶಾಯಿಯಲ್ಲಿ ಗುರುತು ಹಾಕುತ್ತಾರೆ. ಇವನು ಯಾವ ಬಟ್ಟೆಗೂ ಗುರುತು ಹಾಕಿದವನಲ್ಲ. "ಮನುಷ್ಯರ ಮುಖಕ್ಕೆ ಯಾರಾದ್ರೂ ಗುರುತು ಹಾಕ್ತಾರಾ? ಬಟ್ಟೆಗೂ ಮುಖ ಇರುತ್ತೆ" ಎನ್ನುತ್ತಿದ್ದ. ಕಾಲರಿನ ಸವೆತ, ಗುಂಡಿ ಹೊಲಿದ ರೀತಿ, ತೋಳಿನ ಮೇಲಿನ ಮಡಿಕೆ ಇಷ್ಟು ನೋಡಿದರೆ ಸಾಕು, ಯಾರ ಮನೆಯದೆಂದು ಹೇಳಿಬಿಡುತ್ತಿದ್ದ. ಪಕ್ಕದ ಕಟಿಂಗ್ ಶಾಪಿನವನ ಪ್ಯಾಂಟು ಎತ್ತಿ ಹಿಡಿದು, "ಏನಪ್ಪಾ, ಮಂಡಿ ಎರಡೂ ಉಬ್ಬಿದೆ? ಮನೇಲಿ ಹೆಂಡತಿ ಕಾಲಿಗೆ ಬೀಳೋದು ಜಾಸ್ತಿಯಾಗಿದೆ ಅಂತ ಕಾಣುತ್ತೆ" ಎಂದರೆ ಬೀದಿಯೆಲ್ಲ ನಗುತ್ತಿತ್ತು.

ಐವತ್ತು ತುಂಬುವ ಮೊದಲೇ ಅವನ ಬೆರಳುಗಳು ತಾವಾಗಿಯೇ ಆಡತೊಡಗಿದವು. ಭುಜ ಹಾರುತ್ತಿತ್ತು. ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ಒಮ್ಮೆ ತಪ್ಪಿ, ಯಾರದೋ ಬಿಳಿ ಅಂಗಿಯ ಬೆನ್ನು ಸುಟ್ಟುಹೋಯಿತು. ಶಾಂತ ಮನುಷ್ಯ ಸಣ್ಣದಕ್ಕೂ ಕೂಗಾಡತೊಡಗಿದ. ಅದಕ್ಕಿಂತ ಹೆಚ್ಚಾಗಿ, ಕೇಳಿದ್ದಕ್ಕೆ ಉತ್ತರ ಹೇಳುವುದನ್ನೇ ಬಿಟ್ಟ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಹಂಟಿಂಗ್ಟನ್ ಕಾಯಿಲೆ ಎಂದರು. ಮೆದುಳಿನ ಕಾಯಿಲೆ, ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುವಂಥದ್ದು ಎಂದರು. ಡಾಕ್ಟರು ಬಹಳ ಹೊತ್ತು ವಿವರಿಸಿದರು. ಆದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿರುವಾಗ ಎಲ್ಲ ಮಾತೂ ಒಳಗೆ ಇಳಿಯುವುದಿಲ್ಲ. ಅವನ ಹೆಂಡತಿ ಮನೆಗೆ ತಂದದ್ದು ಒಂದೇ ಮಾತು: "ನೆನಪಿಗೆ ತೊಂದರೆ ಆಗುತ್ತದೆ."

ಲಾಂಡ್ರಿಯಮ್ಮ ಕೈಕಟ್ಟಿ ಕೂರುವವಳಲ್ಲ. ನೆನಪನ್ನು ದಿನಾ ತಿಕ್ಕಿದರೆ ಅದು ಮಾಸುವುದಿಲ್ಲ ಎಂದು ಅವಳೇ ಲೆಕ್ಕ ಹಾಕಿದಳು. ಬೆಳಿಗ್ಗೆ ಟೀ ಕೊಟ್ಟು ಎದುರಿಗೆ ಕೂತು ಪ್ರಶ್ನೆ ಕೇಳತೊಡಗಿದಳು. ಮಗಳು ಅದಕ್ಕೆ "ಅಮ್ಮನ ಪರೀಕ್ಷೆ" ಎಂದು ಹೆಸರಿಟ್ಟಳು.

"ರೀ, ನಿನ್ನೆ ಅಂಗಡಿಗೆ ಯಾರ್ಯಾರು ಬಂದಿದ್ರು?"

ಅವನು ಲೋಟ ನೋಡುತ್ತಾನೆ.

"ಹೋಗ್ಲಿ, ನಿಮ್ಮ ಅಕ್ಕನಿಗೆ ಮಕ್ಕಳೆಷ್ಟು? ಅದಾದ್ರೂ ಹೇಳಿ."

ಅವನ ತುಟಿ ಅಲುಗುತ್ತದೆ. ಮಾತು ಬರುವುದಿಲ್ಲ.

"ಅದೂ ಹೋಯ್ತಾ? ಸರಿ, ರಾತ್ರಿ ಊಟಕ್ಕೆ ಏನು ಮಾಡಿದ್ದೆ ಹೇಳಿ ನೋಡೋಣ."

"ಮೂರು" ಎಂದ ಅವನು.

"ಊಟಕ್ಕೆ ಮೂರಾ?" ಲಾಂಡ್ರಿಯಮ್ಮ ಹಣೆ ಚಚ್ಚಿಕೊಂಡಳು. ಬೇಕರಿ ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕವಳು ಬೀದಿ ತಿರುಗುವ ಹೊತ್ತಿಗೆ ಅಳುತ್ತಿದ್ದಳು.

ದಿನವೂ ಇದೇ. ದಿನವೂ ಫೇಲು. ಒಂದು ಬೆಳಿಗ್ಗೆ ಅವನು ಲೋಟ ಎತ್ತಿ ಗೋಡೆಗೆ ಎಸೆದ. ಅಲ್ಲಿಗೆ ಪರೀಕ್ಷೆ ನಿಂತಿತು. ಜೊತೆಗೆ ಮಾತೂ ನಿಂತಿತು. ಅವನು ಪರದೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂರತೊಡಗಿದ. ಕಟಿಂಗ್ ಶಾಪಿನವನು ದಾರಿಯಲ್ಲಿ ಹೋಗುವಾಗ, "ಏನಣ್ಣಾ, ಹೆಂಗಿದ್ದೀಯ?" ಎಂದು ಕೂಗುತ್ತಿದ್ದ. ಸದ್ದಿಲ್ಲದ್ದು ನೋಡಿ, ಪಾಪ ಎಂದುಕೊಂಡು ಹೋಗುತ್ತಿದ್ದ. ಆ ಕಟಿಂಗ್ ಶಾಪಿನವನು ತನ್ನ ಅಂಗಡಿ ಸೇರಿ ಬಾಗಿಲು ಎಳೆದುಕೊಂಡ ಮೇಲೆ ಪರದೆಯ ಹಿಂದಿನಿಂದ ಮಾತು ಬರುತ್ತಿತ್ತು: "ಪರವಾಗಿಲ್ಲ ಕಣಪ್ಪಾ."

ಬಟ್ಟೆ ಹಿಂಡುತ್ತಿದ್ದ ಲಾಂಡ್ರಿಯಮ್ಮನಿಗೆ ಅದು ಕೇಳಿಸುತ್ತಿತ್ತು. ಎದುರಿಗೆ ಯಾರೂ ಇಲ್ಲ. ಒಬ್ಬರೇ ಮಾತಾಡುವುದಕ್ಕೂ ಶುರು ಮಾಡಿದರಲ್ಲ ಎಂದು ಅವಳು ಬಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಂಡುತ್ತಿದ್ದಳು.

ರಾತ್ರಿ ಊಟಕ್ಕೆ ಕೂತರೆ ಅವನಿಗೆ ತಿನ್ನಿಸುವ ಚಮಚದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಮಗಳು ನಿಂತಲ್ಲೇ ಒಂದಿಷ್ಟು ತಿಂದು ಮಲಗಿಬಿಡುತ್ತಿದ್ದಳು. ಲಾಂಡ್ರಿಯಮ್ಮ ಹಗಲಲ್ಲಿ ಅಂಗಿಗಳ ಜೊತೆ ಮಾತಾಡುವುದನ್ನು ಕಲಿತಳು. "ನೀನು ಯಾರ ಮನೇದಪ್ಪಾ?" ಎಂದು ಕೇಳುತ್ತಿದ್ದಳು. ಅದು ತಮಾಷೆಯಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗುರುತು ಹಾಕುವ ಪದ್ಧತಿಯೇ ಇಲ್ಲದ ಅಂಗಡಿ. ಎಲ್ಲವೂ ಅವನ ತಲೆಯಲ್ಲಿತ್ತು. ಈಗ ಒಗೆದ ಬಟ್ಟೆ ಮೇಜಿನ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಡ್ರೈವರನ ಅಂಗಿ ಮೇಷ್ಟ್ರ ಮನೆಗೆ ಹೋಗಿ, ಮೇಷ್ಟ್ರು ಅದನ್ನು ಹಾಕಿಕೊಂಡು ಶಾಲೆಗೂ ಹೋಗಿ, ಮಕ್ಕಳೆಲ್ಲ ನಕ್ಕು, ದೊಡ್ಡ ಜಗಳವೇ ಆಗಿತ್ತು. "ರೀ, ಯಾರ ಬಟ್ಟೆ ಬಾಕಿ ಇದೆ? ಹೇಳ್ರೀ!" ಎಂದು ಅವಳು ಕೂಗಿದರೆ ಅವನು ಗೋಡೆಯ ಕಡೆ ತಿರುಗುತ್ತಿದ್ದ.

ಒಂದು ದಿನ ಅವನ ಅಕ್ಕ ಬಂದಳು. ಮನೆಯವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ. ಬಂದವಳು ತಮ್ಮನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು.

"ನಮ್ಮಮ್ಮನಿಗೂ ಹಿಂಗೇ ಆಗಿತ್ತು ಕಣೇ" ಎಂದಳು. "ಆಗ ಕಾಯಿಲೆ ಹೆಸರು ಯಾರಿಗೆ ಗೊತ್ತಿತ್ತು? ತಿಕ್ಕಲು ಅಂದ್ರು. ಕೊನೆಕೊನೆಗೆ ನಾವು ಯಾರು ಅಂತಾನೇ ಅವಳಿಗೆ ಗೊತ್ತಿರಲಿಲ್ಲ."

"ಹಾಗಂತ ಅವರೇ ಹೇಳಿದ್ರಾ ದೊಡ್ಡಕ್ಕಾ?"

"ಏನು ಕೇಳಿದ್ರೂ ಬಾಯಿ ಬಿಡ್ತಿರಲಿಲ್ಲ. ಇನ್ನೇನು ಹೇಳೋದು? ನೋಡು, ನನ್ನ ಮಾತು ಕೇಳು. ಒಂದು ಆರೈಕೆ ಕೇಂದ್ರ ಇದೆ. ವಿಚಾರಿಸಿದ್ದೀನಿ, ಜಾಗ ಇದೆಯಂತೆ. ಭಾನುವಾರ ಗಾಡಿ ತರ್ತೀನಿ. ನೀನು ಯಾರು ಅಂತಾನೇ ಗೊತ್ತಿಲ್ಲದವನಿಗೆ ಎಲ್ಲಿದ್ರೂ ಒಂದೇ."

ಪರದೆಯ ಹಿಂದೆ ಸ್ಟೂಲು ಕಿರ್ ಎಂದಿತು. ಇಬ್ಬರೂ ಅತ್ತ ನೋಡಲಿಲ್ಲ. ಲಾಂಡ್ರಿಯಮ್ಮ ಮಡಿಸಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಿಸಿದಳು. ಗಂಡ ತನ್ನನ್ನು ಮರೆತಿದ್ದಾನೆ ಎಂಬ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅವಳಿಗೆ ಅದೇ ಮೊದಲು.

ಭಾನುವಾರಕ್ಕೆ ಇನ್ನೂ ಎರಡು ದಿನ ಇರುವಾಗ ಆರೋಗ್ಯ ಕೇಂದ್ರದಿಂದ ನರ್ಸಮ್ಮ ಮನೆಗೆ ಬಂದರು. ದೊಡ್ಡಾಸ್ಪತ್ರೆಯವರು ಇಂಥ ಮನೆಗೆ ಹೋಗಿ ನೋಡಿ ಎಂದು ತಿಳಿಸಿದ್ದರಂತೆ. ಬಂದವರೇ ಪರದೆ ಸರಿಸಿ, ಅವನ ಎದುರಿಗೆ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು.

"ಅಣ್ಣಾ, ರಾತ್ರಿ ನಿದ್ದೆ ಬಂತಾ?"

"ಬಂತು ಬಂತು" ಎಂದಳು ಲಾಂಡ್ರಿಯಮ್ಮ. "ಗೊರಕೆ ಬೀದಿಗೆಲ್ಲ ಕೇಳ್ತಿತ್ತು."

"ಗೊರಕೆ ಸಾಕ್ಷಿ ಆಮೇಲೆ ಹೇಳಿ ತಾಯಿ. ನಾನು ಕೇಳಿದ್ದು ಅಣ್ಣನ್ನ."

ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಲಾಂಡ್ರಿಯಮ್ಮನ ಬಾಯಿಗೆ ಮಾತು ಬಂದು ಬಂದು ನಿಂತಿತು. ನರ್ಸಮ್ಮ ಗಡಿಯಾರ ನೋಡಲಿಲ್ಲ, ಚೀಲ ತಡಕಲಿಲ್ಲ, ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಬಂತು" ಎಂದ ಲಾಂಡ್ರಿಯಣ್ಣ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಬೆಳಗಿನ ಜಾವ ಕಾಲು ಎಳೀತು" ಎಂದ.

ಲಾಂಡ್ರಿಯಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ನನ್ನ ಹತ್ರ ಒಂದು ಮಾತೂ ಆಡಲ್ಲ! ನಿಮಗೆ ಮಾತ್ರ ಹೇಗೆ ಹೇಳಿದ್ರು?"

"ನಾನು ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ, ಅಷ್ಟೇ. ಈ ಕಾಯಿಲೇಲಿ ಯೋಚನೆ ನಿಧಾನ ಆಗುತ್ತೆ. ಪ್ರಶ್ನೆ ಒಳಗೆ ಹೋಗಬೇಕು, ಉತ್ತರ ಹುಡುಕಬೇಕು, ಅದು ಬಾಯಿಗೆ ಬರಬೇಕು. ನಡುವೆ ನಾವು ಇನ್ನೊಂದು ಕೇಳಿಬಿಟ್ರೆ ಎಲ್ಲ ಕಲಸಿಹೋಗುತ್ತೆ."

"ಒಂದಲ್ಲ ಒಂದು ಕೇಳ್ತಾನೇ ಇದ್ದೆ ನಾನು. ಅಡ್ಡಾದಿಡ್ಡಿ ಉತ್ತರ ಬರ್ತಿತ್ತು. ರಾತ್ರಿ ಊಟಕ್ಕೇನು ಅಂದ್ರೆ ಮೂರು ಅಂದ್ರು."

"ಅದಕ್ಕೆ ಮೊದಲು ಏನು ಕೇಳಿದ್ರಿ?"

"ಮೊದಲಾ? ದೊಡ್ಡಕ್ಕನಿಗೆ ಮಕ್ಕಳೆಷ್ಟು ಅಂತ..." ಲಾಂಡ್ರಿಯಮ್ಮನ ಮಾತು ಅಲ್ಲೇ ನಿಂತಿತು.

"ಎಷ್ಟು ಮಕ್ಕಳು?"

"ಮೂರು."

ಅವಳು ಗಂಡನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದನೋ, ತಲೆ ಎತ್ತಿ ನೋಡಲು ಅವಳಿಗೇ ಪುರುಸೊತ್ತು ಇರಲಿಲ್ಲ. ಪರದೆಯ ಹಿಂದಿನಿಂದ ಬರುತ್ತಿದ್ದ "ಪರವಾಗಿಲ್ಲ ಕಣಪ್ಪಾ" ಎಂಬುದು ಯಾರಿಗೆ ಹೇಳಿದ್ದು ಎಂದು ಆಗ ಅವಳಿಗೆ ತಿಳಿಯಿತು.

"ಹಾಗಾದ್ರೆ ಇವರು ಏನೂ ಮರೆತಿಲ್ವಾ ನರ್ಸಮ್ಮ?"

"ಹಾಗೂ ಅಲ್ಲ. ಸುಳ್ಳು ಸಮಾಧಾನ ಹೇಳಲ್ಲ ನಾನು" ಎಂದರು ನರ್ಸಮ್ಮ. "ಹೊಸದು ಕಲಿಯೋದು ಕಷ್ಟ ಆಗುತ್ತೆ. ಎರಡು ಕೆಲಸ ಒಟ್ಟಿಗೆ ಮಾಡೋದು ಕಷ್ಟ. ಕೈಗೆ ಪಳಗಿದ ಕೆಲಸಾನೂ ತಪ್ಪುತ್ತೆ. ಎಷ್ಟೋ ಸಲ ಶುರು ಮಾಡೋದೇ ಆಗಲ್ಲ. ಸುಮ್ಮನೆ ಕೂತಿದ್ದಾರೆ ಅಂದ್ರೆ ಸೋಮಾರಿತನ ಅಲ್ಲ ಅದು. ಆದ್ರೆ ಹಳೇದು ಬಹಳಷ್ಟು ಒಳಗೆ ಇರುತ್ತೆ, ಕರೆದ ತಕ್ಷಣ ಸಿಗಲ್ಲ. ನಿಮ್ಮ ಕಪಾಟಲ್ಲಿ ಒಂದು ಅಂಗಿ ಇದೆ ಅನ್ನಿ. ಕತ್ತಲಲ್ಲಿ ಹುಡುಕಿ ತಗೊಂಡು ಬಾ ಅಂದ್ರೆ ಆಗಲ್ಲ. ದೀಪ ಹಾಕಿ ತೋರಿಸಿದ್ರೆ, ಇದೇ ಅಂತ ಹೇಳಬಹುದು."

ಡ್ರೈವರ ಮೇಷ್ಟ್ರ ಅಂಗಿಯ ಜಗಳ ಅವರ ಕಿವಿಗೂ ಬಿದ್ದಿತ್ತು. ಹೀಗೆ ಹೇಳಿ ಅವರು ಮೇಜಿನ ಮೇಲಿನ ಗುಡ್ಡೆಯಿಂದ ಒಂದು ನೀಲಿ ಅಂಗಿ ಎಳೆದು ಅವನ ಕೈಗೆ ಕೊಟ್ಟರು. "ಅಣ್ಣಾ, ಇದು ಡ್ರೈವರದಾ, ಮೇಷ್ಟ್ರದಾ?"

ಅವನ ಕೈ ಅತ್ತಿತ್ತ ಹಾರುತ್ತಿತ್ತು. ಅಂಗಿ ಒಮ್ಮೆ ಕೆಳಗೆ ಬಿತ್ತು. ನರ್ಸಮ್ಮ ಎತ್ತಿಕೊಟ್ಟರು. ಹೆಬ್ಬೆರಳು ಕಾಲರಿನ ಒಳಗೆ ಓಡಾಡಿತು. ಈ ಸಲ ಲಾಂಡ್ರಿಯಮ್ಮನೂ ಕಾದಳು.

"ಎರಡೂ ಅಲ್ಲ" ಎಂದ. "ಕಟಿಂಗ್ ಶಾಪು. ಕಾಲರಲ್ಲಿ ಕೂದಲು."

ಅಂಗಿ ಒಗೆದಿದ್ದರೂ ಕಾಲರಿನ ಹೊಲಿಗೆಯಲ್ಲಿ ಚೂರುಚೂರು ಕೂದಲು ಸಿಕ್ಕಿಕೊಂಡಿತ್ತು. ಲಾಂಡ್ರಿಯಮ್ಮನಿಗೆ ನಗುವೂ ಬಂತು, ಕಣ್ಣೀರೂ ಬಂತು. ಆಮೇಲೆ ಅವಳೇ ಒಂದೊಂದಾಗಿ ಕೊಟ್ಟಳು. ಒಂದು ಮೇಷ್ಟ್ರದು, ಒಂದು ಔಷಧಿ ಅಂಗಡಿಯವರದು. ಒಂದು ತಪ್ಪು ಹೇಳಿದ. ಅದು ಅವನ ಸ್ವಂತ ಮನೆಯದೇ ದಿಂಬಿನ ಹೊದಿಕೆ. ಇನ್ನೊಂದನ್ನು ಕೊಡಲು ಹೋದಾಗ ಕೈಯಿಂದ ತಳ್ಳಿ ಮುಖ ಸಿಂಡರಿಸಿದ.

"ದಣಿದಿದ್ದಾರೆ, ಇವತ್ತಿಗೆ ಸಾಕು" ಎಂದರು ನರ್ಸಮ್ಮ. "ಬಲವಂತ ಮಾಡಬೇಡಿ. ಇನ್ನೊಂದು ಮಾತು. ಬಿಸಿ ಇಸ್ತ್ರಿ ಪೆಟ್ಟಿಗೆ ಮಾತ್ರ ಇವರ ಕೈಗೆ ಕೊಡಲೇಬೇಡಿ. ಇದು ಯಾರದು ಅಂತ ಕೇಳಿ, ಇವರು ಹೇಳಿದ ತಕ್ಷಣ ನೀವು ಗುರುತಿನ ದಾರ ಹೊಲಿದುಬಿಡಿ. ಇವತ್ತು ಹೇಳಿದ್ದನ್ನ ಮುಂದಿನ ವರ್ಷವೂ ಹೇಳ್ತಾರೆ ಅಂತ ನಂಬಿ ಕೂರೋ ಹಾಗಿಲ್ಲ."

"ಗುಣ ಆಗಲ್ವಾ?"

"ಇಲ್ಲಮ್ಮ. ಕಾಯಿಲೆ ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಕೈಕಾಲು ಹಾರೋದಕ್ಕೆ, ಸಿಟ್ಟಿಗೆ, ಬೇಜಾರಿಗೆ ಔಷಧಿ ಇದೆ. ಅದನ್ನ ಡಾಕ್ಟರ ಹತ್ರ ಕೇಳೋಣ."

ನರ್ಸಮ್ಮ ಹೊರಟಾಗ ಬೇಕರಿಯಿಂದ ಬಂದ ಮಗಳು ಬಾಗಿಲ ಹೊರಗೇ ನಿಂತಿದ್ದಳು. ಅಂಗಿಯ ತೋಳಿಗೆ ಹಿಟ್ಟು ಮೆತ್ತಿತ್ತು. ಒಳಗೆ ಕೇಳಿಸದ ಹಾಗೆ, "ನನಗೂ ಬರುತ್ತಾ?" ಎಂದಳು. ಇದನ್ನು ಅವಳು ಅದುವರೆಗೆ ಯಾರ ಹತ್ತಿರವೂ ಕೇಳಿರಲಿಲ್ಲ.

"ಬರಬಹುದು, ಬರದೇನೂ ಇರಬಹುದು. ಎರಡಕ್ಕೂ ಅರ್ಧ ಅರ್ಧ ಸಾಧ್ಯತೆ" ಎಂದರು ನರ್ಸಮ್ಮ. "ರಕ್ತ ಪರೀಕ್ಷೆ ಇದೆ. ಮಾಡಿಸೋದು ಬಿಡೋದು ನಿನ್ನ ಇಷ್ಟ ಕಣಮ್ಮ. ಅಪ್ಪ ಅಮ್ಮ ಬಲವಂತ ಮಾಡೋ ಹಾಗಿಲ್ಲ, ನಾನೂ ಮಾಡೋ ಹಾಗಿಲ್ಲ. ಮೊದಲು ಆಪ್ತಸಲಹೆ ಕೊಡೋರ ಹತ್ರ ಕೂತು ಮಾತಾಡು. ಬೇಕಾದ್ರೆ ಜೊತೆಗೆ ನಾನು ಬರ್ತೀನಿ."

ಹುಡುಗಿ ತಲೆಯಾಡಿಸಿದಳು. ಆ ರಾತ್ರಿ ನಿಂತಲ್ಲೇ ತಿನ್ನದೆ, ಅಪ್ಪನ ಪಕ್ಕ ಕೂತು ಊಟ ಮಾಡಿದಳು.

ಭಾನುವಾರ ಗಾಡಿ ಬಂತು. ದೊಡ್ಡಕ್ಕ ಇಳಿದವಳೇ, "ಎಲ್ಲ ಕಟ್ಟಿಟ್ಟಿದ್ದೀಯ ತಾನೇ?" ಎಂದಳು.

"ಇಲ್ಲ ದೊಡ್ಡಕ್ಕಾ. ಮೊದಲು ಅವರನ್ನ ಒಂದು ಮಾತು ಕೇಳಬೇಕು."

"ಅವನನ್ನ ಕೇಳೋದೇನಿದೆ? ಗೋಡೇನ ಕೇಳಿದ ಹಾಗೆ."

"ಗೋಡೇನೇ ಆಗ್ಲಿ, ಕೇಳ್ತೀನಿ."

ಲಾಂಡ್ರಿಯಮ್ಮ ರೇಡಿಯೋ ಆರಿಸಿದಳು. ಬೀದಿ ಕಡೆಯ ಬಾಗಿಲು ಮುಚ್ಚಿದಳು. ಗಂಡನ ಎದುರಿಗೆ ಕೂತಳು.

"ರೀ. ನಿಮ್ಮಕ್ಕ ಬಂದಿದ್ದಾರೆ, ಆರೈಕೆ ಕೇಂದ್ರಕ್ಕೆ ಕರ್ಕೊಂಡು ಹೋಗೋಕೆ. ನೀವು ಇಲ್ಲಿರ್ತೀರಾ, ಅಲ್ಲಿಗೆ ಹೋಗ್ತೀರಾ?"

ಅವನ ಭುಜ ಹಾರಿತು. ಕಣ್ಣು ನೆಲದ ಮೇಲಿತ್ತು. ದೊಡ್ಡಕ್ಕ, "ನೋಡಿದ್ಯಾ, ನಾನು ಹೇಳ್ಲಿಲ್ವಾ..." ಎಂದು ಶುರು ಮಾಡಿದಳು. ಲಾಂಡ್ರಿಯಮ್ಮ ಅವಳ ಮಣಿಕಟ್ಟು ಹಿಡಿದು ಸುಮ್ಮನಿರಿಸಿದಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ನಿನಗೆ ಸಾಕಾಗಿದೆಯಾ?"

ಅವಳು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಇಲ್ಲ ಎನ್ನುವುದು ಸುಲಭವಿತ್ತು, ಆದರೆ ಅದು ಸುಳ್ಳು. ಬೆಳಗಿನಿಂದ ರಾತ್ರಿಯವರೆಗೆ ಒಬ್ಬಳೇ ಒಗೆದು, ಒಬ್ಬಳೇ ಇಸ್ತ್ರಿ ಮಾಡಿ, ಅವನಿಗೆ ತಿನ್ನಿಸಿ, ಅವನ ಕೂಗು ಕೇಳಿ, ಊಟದ ಹೊತ್ತಿನ ಆ ಮೌನದಲ್ಲಿ ಕೂತು ಅವಳು ಬತ್ತಿಹೋಗಿದ್ದಳು. ಏನು ಹೇಳಬೇಕೆಂದು ಹುಡುಕಿದಳು. ಹುಡುಕುತ್ತಲೇ ಇದ್ದಳು. ಅವನು ಅವಸರ ಮಾಡಲಿಲ್ಲ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೈ ಹಾರುತ್ತಿದ್ದರೂ ಕಣ್ಣು ತೆಗೆಯದೆ ಅವಳನ್ನೇ ನೋಡುತ್ತ ಕೂತಿದ್ದ.

"ಸಾಕಾಗಿದೆ ರೀ" ಎಂದಳು ಕಡೆಗೆ. "ದಿನಾ ಸಾಕಾಗುತ್ತೆ. ಆದ್ರೆ ನೀವೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?"

"ಹಾಗಾದ್ರೆ ಇಲ್ಲೇ" ಎಂದ ಅವನು.

ದೊಡ್ಡಕ್ಕ ಬಟ್ಟೆಯ ಗುಡ್ಡೆಯ ಪಕ್ಕ ಕುಸಿದು ಕೂತಳು. ತುಂಬಾ ಹೊತ್ತು ಅತ್ತಳು. "ಅಮ್ಮ ಬಾಯಿ ಬಿಡಲಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬಂದ್ವಿ. ನಾವು ಯಾರೂ ಅವಳ ಹತ್ರ ಹೀಗೆ ಕೂರಲಿಲ್ಲ ಕಣೇ" ಎಂದಳು. ಅವಳೇ ಎದ್ದು ಹೋಗಿ ಗಾಡಿ ವಾಪಸ್ ಕಳಿಸಿದಳು. ಬಂದು ತಮ್ಮನ ಎದುರಿಗೆ ಕೂತು ಲಾಂಡ್ರಿಯಮ್ಮನಿಗೆ ಹೇಳಿದಳು: "ಭಾನುವಾರ ಭಾನುವಾರ ನಾನು ಇಲ್ಲಿರ್ತೀನಿ. ನೀನು ಎಲ್ಲಾದ್ರೂ ಹೋಗಿ ಬಾ. ಸುಮ್ಮನೆ ತಿರುಗಾಡಿಕೊಂಡಾದ್ರೂ ಬಾ."

ಓದುತ್ತಿರುವವರೇ, ಕೇಳುತ್ತಿರುವವರೇ, ಲಾಂಡ್ರಿಯಣ್ಣ ವಾಸಿಯಾಗುವುದಿಲ್ಲ. ಮುಂದೆ ಅವನ ಉತ್ತರ ಇನ್ನೂ ತಡವಾಗುತ್ತದೆ, ಒಂದು ದಿನ ಬರದೆಯೂ ಹೋಗಬಹುದು. ಮನೆಯಲ್ಲಿ ನೋಡಿಕೊಳ್ಳಲು ಆಗದ ಕಾಲ ಬಂದರೆ ಆರೈಕೆ ಕೇಂದ್ರಕ್ಕೆ ಸೇರಿಸುವುದು ಪಾಪವಲ್ಲ. ಆದರೆ ಅವರನ್ನು ಕೇಳದೆ, ಅವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು ಸೇರಿಸಬೇಡಿ.

ತೂರಾಡುವವರೆಲ್ಲ ಕುಡುಕರಲ್ಲ. ಕೈಕಾಲು ತಾವಾಗಿಯೇ ಆಡುತ್ತಿದ್ದರೆ, ಗುಣ ಬದಲಾಗಿದ್ದರೆ, ಮನೆಯಲ್ಲಿ ಹಿಂದೆಯೂ ಯಾರಿಗಾದರೂ ಹೀಗಾಗಿದ್ದರೆ ನರರೋಗದ ಡಾಕ್ಟರಿಗೆ ತೋರಿಸಿ. ಹಂಟಿಂಗ್ಟನ್ ಕಾಯಿಲೆ ಇರುವವರಿಗೆ ನೆನಪಿನ ಪರೀಕ್ಷೆ ಇಡಬೇಡಿ. "ಏನು ಬೇಕು" ಎನ್ನುವ ಬದಲು "ಇದು ಬೇಕಾ, ಅದು ಬೇಕಾ" ಎಂದು ಎದುರಿಗೆ ತೋರಿಸಿ ಕೇಳಿ. ಅವರ ವಸ್ತುಗಳು ದಿನವೂ ಒಂದೇ ಜಾಗದಲ್ಲಿರಲಿ, ದಿನದ ಕೆಲಸ ಒಂದೇ ಕ್ರಮದಲ್ಲಿ ನಡೆಯಲಿ. ಸಿಟ್ಟು ಬಂದಾಗ ವಾದ ಬೇಡ, ಸ್ವಲ್ಪ ದೂರ ನಿಂತುಕೊಳ್ಳಿ. "ನಾನಿದ್ದೇನು ಪ್ರಯೋಜನ" ಎಂಬ ಮಾತು ಅವರ ಬಾಯಿಂದ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ನೋಡಿಕೊಳ್ಳುವವರಿಗೂ ಸಾಕಾಗುತ್ತದೆ, ಸಾಕಾಗಿದೆ ಎಂದು ಬಾಯಿಬಿಟ್ಟು ಹೇಳಿ. ಅಕ್ಕಪಕ್ಕದವರು ಒಂದು ಹೊತ್ತು ಅಲ್ಲಿ ಕೂತರೆ ಆ ಮನೆಗೆ ಅದೇ ದೊಡ್ಡ ಉಪಕಾರ.

ನಿಮ್ಮ ಬೀದಿಯಲ್ಲಿ ಹೀಗೆ ಒಳಗೆ ಕೂತುಬಿಟ್ಟವರು ಯಾರಾದರೂ ಇದ್ದಾರೆಯೇ? ಇವತ್ತು ಸಂಜೆ ಹೋಗಿ. ಒಂದೇ ಒಂದು ಮಾತು ಕೇಳಿ. ಕೇಳಿದ ಮೇಲೆ ಎದ್ದು ಬರಬೇಡಿ.